ಕೈ ಹಿಂದೆ ಕಟ್ಟಿ ನಿಂತ ಬಾಯಾರು

ಅವರು ತೀರಿಕೊಂಡ ಸುದ್ದಿ ಬಸವನ ಬಾಗೇವಾಡಿಯ ಓಣಿಗಳಲ್ಲಿ ಹಬ್ಬಿದ ದಿನ ಜನ ಮೊದಲು ನೆನೆದದ್ದು ಅವರ ಔಷಧವನ್ನಲ್ಲ, ಬೈಗುಳವನ್ನು. ಚಹಾದಂಗಡಿಯ ಮುಂದೆ ಒಬ್ಬ, "ನನಗ ಹಂದಿ ಅಂದಿದ್ರು, ಬೀಡಿ ಬಿಡಸಾಕ" ಎಂದ. ಇನ್ನೊಬ್ಬ, "ನನಗ ಅದಕ್ಕೂ ದೊಡ್ಡದು ಅಂದಿದ್ರು, ಸುಮ್ನಿರೋ" ಎಂದು ಎದೆ ಉಬ್ಬಿಸಿದ. ಬೈಸಿಕೊಂಡದ್ದೇ ಒಂದು ಪದವಿ ಎನ್ನುವಂತೆ ಎಲ್ಲರೂ ಹೇಳಿಕೊಳ್ಳುತ್ತಿದ್ದರು. ನನ್ನ ಕಣ್ಣ ಮುಂದೆ ಬಂದದ್ದು ಮಾತ್ರ ಅವರ ಎರಡು ಕೈ. ಬೆನ್ನ ಹಿಂದೆ, ಒಂದರ ಮಣಿಕಟ್ಟನ್ನು ಇನ್ನೊಂದು ಹಿಡಿದುಕೊಂಡು ನಿಂತ ಕೈ.

ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದಾಗಲೇ ಬಾಗಿಲಿಗೆ ಬೋರ್ಡು ಹಾಕಿಸಲು ಒಪ್ಪದವರು, ಈಗ ನಾನು ಬರೆದರೆ ಎದ್ದು ಬಂದು ಬೈದಾರು. ಊರಿಗೆಲ್ಲ ಅವರು ಡಾಕ್ಟರ್ ಬಾಯಾರು; ಓದಿದ ಹೆಣ್ಣುಮಗಳನ್ನು ನಮ್ಮ ಕಡೆ ಬಾಯಾರು ಎಂದೇ ಮರ್ಯಾದೆಯಿಂದ ಕರೆಯುತ್ತಾರೆ. ದೂರದೂರಿನ ಆಸ್ಪತ್ರೆಗಳ ತುರ್ತು ವಿಭಾಗದಲ್ಲಿ ತಲೆ ನರೆಯುವ ತನಕ ದುಡಿದು, ನಿವೃತ್ತಿಯಾದ ಮೇಲೆ ಹುಟ್ಟೂರಿಗೆ ಬಂದಿದ್ದರು. ಮುಂಜಾನೆ ಪಡಸಾಲೆಯಲ್ಲಿ ಬೆಂಚು ಹಾಕಿ ರೋಗಿಗಳನ್ನು ನೋಡುತ್ತಿದ್ದರು. ಮದುವೆ ಮಾಡಿಕೊಂಡಿರಲಿಲ್ಲ. ಒಬ್ಬ ಮುದುಕಿ ಧೈರ್ಯ ಮಾಡಿ, "ಯಾಕ್ರಿ ಬಾಯಾರ, ಲಗ್ನಾ ಯಾಕ ಆಗಲಿಲ್ರಿ?" ಎಂದು ಕೇಳಿದ್ದಕ್ಕೆ, "ಅವತ್ತ ಡ್ಯೂಟಿ ಇತ್ತು" ಎಂದಿದ್ದರಂತೆ.

ನಮ್ಮಿಬ್ಬರ ಗುರುತು ಆದದ್ದು ಸುಟ್ಟ ಮೋಟಾರಿನಿಂದ. ನನ್ನದು ಮುದ್ದೇಬಿಹಾಳ ರಸ್ತೆಯಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ. ಹುಟ್ಟಿದ್ದು ಇಂಡಿ ತಾಲೂಕಿನ ಹೊರ್ತಿಯಲ್ಲಿ, ಸಾಲೆ ಬಿಟ್ಟದ್ದು ಏಳನೇ ಇಯತ್ತೆಗೆ. ಇದನ್ನು ನಾನು ತಲೆ ತಗ್ಗಿಸಿ ಹೇಳುವುದಿಲ್ಲ. ಸುಟ್ಟು ಕರಿಯಾದ ಮೋಟಾರನ್ನು ಬಿಚ್ಚಿ, ಹೊಸ ತಾಮ್ರದ ತಂತಿ ಸುತ್ತಿ, ತಿರುಗಿ ನೀರೆತ್ತುವ ಹಾಗೆ ಮಾಡಿಕೊಡುತ್ತೇನೆ. ನಾಲತವಾಡದ ತನಕ ಹೊಲದವರು ನನ್ನ ಕೈಯೇ ಬೇಕೆಂದು ಹುಡುಕಿಕೊಂಡು ಬರುತ್ತಾರೆ. ಒಂದು ಬೇಸಿಗೆ ಬಾಯಾರ ಮನೆಯ ಬೋರಿನ ಮೋಟಾರು ಸುಟ್ಟಿತು. ಬೇರೆಯವರು ಕಳಿಸಿಕೊಟ್ಟು ಸುಮ್ಮನಾಗುತ್ತಾರೆ; ಇವರು ಅದರ ಹಿಂದೆಯೇ ಬಂದು ನನ್ನ ಬೆನ್ನ ಹಿಂದೆ ನಿಂತರು.

"ಕೂಡ್ರಿ ಬಾಯಾರ, ಕುರ್ಚಿ ಐತಿ."

"ಕುಂತ್ರ ಕಾಣಂಗಿಲ್ಲ. ನೀ ಮಾಡು."

ಎಷ್ಟೋ ಹೊತ್ತು ಹಾಗೆಯೇ ನಿಂತರು, ಕೈ ಹಿಂದೆ ಕಟ್ಟಿಕೊಂಡು. ನಾನು ಹಳೆಯ ಕಾಯಿಲ್ ಕಿತ್ತು ಹೊಸದು ಕೂಡಿಸುವಾಗ ಮಾತ್ರ ಸ್ವಲ್ಪ ಮುಂದಕ್ಕೆ ಬಾಗಿದರು.

"ಯಾರೋ ಕಲಿಸಿದವ್ರು ನಿನಗ?"

"ಇಂಡಿ ಊರಾಗ ನಮ್ಮ ಉಸ್ತಾದರಿದ್ರು ರಿ."

"ಮೊದಲನೇ ದಿನ ಏನ್ ಮಾಡ್ಸಿದ್ರು? ಚಾ ತರ್ಸಿದ್ರೋ, ಕಸಾ ಹೊಡಿಸಿದ್ರೋ?"

"ಎರಡೂ ಇಲ್ರಿ. ಸುಟ್ಟ ಮೋಟಾರ ಮುಂದಿಟ್ಟು, ಬಿಚ್ಚಲೇ ಅಂದ್ರು. ತಾವು ಹಿಂದ ನಿಂತ್ರು."

"ಕೈ ಎಲ್ಲಿ ಇಟ್ಕೊಂಡಿದ್ರು?"

ಎಂಥ ಪ್ರಶ್ನೆ ಇದು ಎನಿಸಿತು. "ಎಲ್ಲಿ ಇಟ್ಕೊಂಡಿದ್ರೋ ಯಾರ ನೋಡ್ಯಾರ್ರಿ? ನನ್ನ ಕಣ್ಣ ಮೋಟಾರಿನ ಮ್ಯಾಲ ಇದ್ದುವು."

ಬಾಯಾರು ನಕ್ಕದ್ದನ್ನು ಅವತ್ತು ಮೊದಲ ಸಲ ನೋಡಿದೆ. "ಹಂಗಾದ್ರ ನಡುವ ಕೈ ಹಾಕಿಲ್ಲ. ಛಲೋ ಮನಷ್ಯಾ ನಿಮ್ಮ ಉಸ್ತಾದ" ಎಂದರು. ಅವತ್ತಿನಿಂದ ನನ್ನನ್ನೂ ಉಸ್ತಾದ ಎಂದೇ ಕರೆದರು. ಅದರಲ್ಲಿ ಎಷ್ಟು ಚೇಷ್ಟೆ, ಎಷ್ಟು ಮರ್ಯಾದೆ ಎಂದು ನಾನು ಕೊನೆಯವರೆಗೂ ತೂಗಿ ನೋಡಲಿಲ್ಲ. ಎರಡೂ ನನಗೆ ಸೇರಿದವೇ ಎಂದು ಇಟ್ಟುಕೊಂಡೆ.

ಅವರು ಕೆಲಸ ಮಾಡುವ ರೀತಿ ನೋಡಬೇಕಿತ್ತು. ಒಮ್ಮೆ ನನ್ನ ಅಂಗಡಿಯ ಮುಂದೆಯೇ ಎರಡು ಬೈಕು ಡಿಕ್ಕಿ ಹೊಡೆದು ಒಬ್ಬ ಹುಡುಗ ಡಾಂಬರಿನ ಮೇಲೆ ಬಿದ್ದ. ನಮ್ಮ ಮಂದಿ ಗೊತ್ತಲ್ಲ, ಸುತ್ತ ಗೋಡೆ ಕಟ್ಟಿಬಿಟ್ಟರು. ಬಾಯಾರು ಸೀರೆಯ ಸೆರಗು ಸಿಗಿಸಿಕೊಂಡು ಬಂದವರೇ ಒಬ್ಬೊಬ್ಬರಿಗೂ ಒಂದೊಂದು ಕೆಲಸ ಹಂಚಿದರು. "ನೀ ತಲಿ ಹಿಡಿ, ಅಲುಗಾಡಸಬ್ಯಾಡ. ನೀ ಇಲ್ಲೆ ಅರಿವಿ ಒತ್ತಿ ಹಿಡಿ. ಏ, ಫೋಟೋ ತಗಿಯಾಂವ, ಆ ಫೋನಿಂದ ಆಂಬುಲೆನ್ಸಿಗೆ ಹಚ್ಚು. ನೀ ಏನ್ ಮಾಡಾಕತ್ತಿ? ಏನೂ ಇಲ್ಲ? ಹಂಗಾದ್ರ ಬಿಸಲಿಗೆ ಅಡ್ಡ ನಿಂದ್ರು." ತಾವು ಹುಡುಗನ ಪಕ್ಕ ಮೊಣಕಾಲೂರಿ ಅವನ ಉಸಿರು ನೋಡುತ್ತಿದ್ದರೇ ಹೊರತು ಬೇರೆಯವರ ಕೈಯಲ್ಲಿದ್ದ ಕೆಲಸವನ್ನು ಕಿತ್ತುಕೊಳ್ಳಲಿಲ್ಲ. ಅರಿವೆ ಒತ್ತಿ ಹಿಡಿದ ಆ ಮನುಷ್ಯ ತರಕಾರಿ ಮಾರುವವನು. ಇವತ್ತಿಗೂ ಯಾರಿಗಾದರೂ ಗಾಯವಾದರೆ ಅವನೇ ಮೊದಲು ಓಡುತ್ತಾನೆ.

ನನ್ನ ಮಗಳು ಶಿವಲೀಲಾ ಇದನ್ನೆಲ್ಲ ನೋಡುತ್ತಲೇ ಬೆಳೆದವಳು. ಅವಳು ಫಿಜಿಶಿಯನ್ ಅಸಿಸ್ಟಂಟ್ ಎಂಬ ಕೋರ್ಸು ಆರಿಸಿಕೊಂಡಾಗ ಬಂಧುಗಳಿಗೆ ಅದನ್ನು ತಿಳಿಸಿ ಹೇಳುವುದೇ ನನಗೊಂದು ಕೆಲಸವಾಯಿತು. "ಡಾಕ್ಟರೋ, ನರ್ಸೋ?" "ಎರಡೂ ಅಲ್ಲ." "ಹಂಗಾದ್ರ ಅರ್ಧಾ ಡಾಕ್ಟರ್ ಅನ್ನು." ಹೊರ್ತಿಯಲ್ಲಿ ನಮ್ಮಣ್ಣನೇ ಹಾಗೆಂದಾಗ ನನಗೆ ಸಿಟ್ಟು ನೆತ್ತಿಗೇರಿತ್ತು. ಬಾಯಾರಿಗೆ ಹೇಳಿದೆ. ಅವರು, "ನಿಮ್ಮಣ್ಣಗ ಹೇಳು. ಡಾಕ್ಟರು ಜವಾಬ್ದಾರಿ ಹೊತ್ತಿರ್ತಾರ. ಅವರ ಕೈಕೆಳಗ ನಿಂತು ರೋಗಿ ಮೈ ಮುಟ್ಟಿ ನೋಡಾಕಿ, ಏನಾಗೇತಿ ಅಂತ ಲೆಕ್ಕಾ ಹಾಕಾಕಿ, ಡಾಕ್ಟರ್ ಬರೂತನಕ ಜೀವಾ ಹಿಡದು ನಿಲ್ಲಾಕಿ ಇವಳು. ಜೀವಾ ಅರ್ಧಾ ಹಿಡಿಯಾಕ ಬರ್ತೈತೇನು ಕೇಳು" ಎಂದರು.

ಕೋರ್ಸು ಮುಗಿಯಿತು. ಆದರೆ ತುರ್ತು ವಿಭಾಗದಲ್ಲಿ ನಿಲ್ಲಬೇಕೆಂದರೆ ಮತ್ತೊಂದು ತರಬೇತಿ ಬೇಕು. ಅದಕ್ಕೆ ರೆಸಿಡೆನ್ಸಿ ಎನ್ನುತ್ತಾರೆ. ಒಂದು ವರ್ಷ ಆಸ್ಪತ್ರೆಯಲ್ಲೇ ಇದ್ದು, ದುಡಿಯುತ್ತಲೇ ಕಲಿಯುವುದು. ಶಿವಲೀಲಾಗೆ ಎರಡು ಕಡೆ ಸೀಟು ಸಿಕ್ಕಿತು. ಒಂದು ದೊಡ್ಡ ಶಹರದ, ಎಲ್ಲರೂ ಹೆಸರು ಬಲ್ಲ ಆಸ್ಪತ್ರೆ. ಇನ್ನೊಂದು ಬೇರೆ ಜಿಲ್ಲೆಯ ಸಣ್ಣ ಊರಿನ ಹಳೆಯ ಆಸ್ಪತ್ರೆ. ಎರಡು ಕಡೆಯವರೂ ಬೇಗ ಉತ್ತರ ಕೇಳಿದ್ದರು. ಸೇರಿದರೆ ಮೂಲ ಸರ್ಟಿಫಿಕೇಟು ಅವರ ಕಪಾಟಿಗೆ, ವರ್ಷ ಮುಗಿಯುವ ತನಕ ಬಿಟ್ಟು ಬರುವ ಹಾಗಿಲ್ಲ.

ನನಗೆ ಅದರಲ್ಲಿ ಆರಿಸಲು ಏನಿದೆ ಎನಿಸಿತ್ತು. ದೊಡ್ಡದು ದೊಡ್ಡದೇ. ಪೇಢೆ ತೆಗೆದುಕೊಂಡು ಬಾಯಾರ ಮನೆಗೆ ಹೋದೆ. ಅವರು ಪೇಢೆ ಮುಟ್ಟಲಿಲ್ಲ.

"ಹೋಗಿ ನೋಡಿ ಬಂದಿಯೇನು?"

"ಫೋಟೋದಾಗ ನೋಡೇವ್ರಿ. ಪೂರಾ ಗಾಜಿನ ಕಟ್ಟಡ."

"ಮಗಳನ್ನ ಲಗ್ನಾ ಮಾಡಿ ಕೊಡೂದಾದ್ರ ಫೋಟೋ ನೋಡಿ ಕೊಡ್ತಿದ್ದೇನು? ಮನಿ ನೋಡಾಕ ಹೋಗ್ತಿದ್ದಿಲ್ಲ? ಹಿತ್ತಲ ನೋಡ್ತಿದ್ದಿ, ನೀರ ನೋಡ್ತಿದ್ದಿ, ಆ ಮನ್ಯಾಗ ಮೊದಲ ಬಂದ ಸೊಸಿ ಮಾರಿ ನೋಡ್ತಿದ್ದಿ. ಇದಕ್ಕ ಯಾಕ ಬ್ಯಾಡ?" ಆಮೇಲೆ ಶಿವಲೀಲಾಳ ಕಡೆ ತಿರುಗಿದರು. "ಬರೇ ವರ್ಷ ಹೋಗತೈತಿ ಅಂತ ಹೇಳಾಕತ್ತಿಲ್ಲ ತಂಗಿ. ಕಲಿಯದ ಬಂದ್ರ ವರ್ಷ ಹೋತು, ಅಷ್ಟ. ಕಲಿಯದನ, ಕಲತೇನಿ ಅಂತ ಕಾಗದಾ ಹಿಡಕೊಂಡು ಬಂದ್ರ? ಮುದ್ದೇಬಿಹಾಳದಿಂದ ಹೊಲಕ್ಕ ಹೊಡಿಯೋ ಔಷಧಾ ಕುಡದಾಂವ ಬರ್ತಾನ, ಸಿಂದಗಿಯಿಂದ ಹಾವು ಕಡದಾಕಿ ಬರ್ತಾಳ. ಅವರ ಮುಂದ ಕಾಗದಾ ಹಿಡೀತಿಯೇನು?"

ಶಿವಲೀಲಾ, "ನೋಡಾಕ ಹೋಗೂಣ್ರಿ ಬಾಯಾರ. ನೀವೂ ಬರ್ರಿ" ಎಂದಳು. ಮೊಣಕಾಲು ನೋವಿನ ಆ ಹೆಂಗಸು ಮರುಮಾತಾಡದೆ ಒಳಗೆ ಹೋಗಿ ಚೀಲ ತುಂಬತೊಡಗಿದರು.

ಹೊರಡುವಾಗ ನಾನು ಅಣ್ಣನ ತೋಟದ ಲಿಂಬೆಹಣ್ಣಿನ ಚೀಲವೊಂದನ್ನು ಹೆಗಲಿಗೇರಿಸಿದ್ದೆ. ನಮ್ಮ ಕಡೆ ಬರಿಗೈಲಿ ಯಾರ ಮನೆಗೂ ಹೋಗುವುದಿಲ್ಲ. ಅಲ್ಲಿಯ ದೊಡ್ಡ ಡಾಕ್ಟರರಿಗೆ ಕೊಟ್ಟರೆ ಮಗಳ ಮೇಲೊಂದು ಕಣ್ಣಿಡುತ್ತಾರೆ ಎಂಬುದು ನನ್ನ ಲೆಕ್ಕ. ನಮ್ಮಾಕಿ, ನನ್ನ ಹೆಂಡತಿ, ಮಗಳ ಜಡೆಗೆ ಮಲ್ಲಿಗೆ ಮುಡಿಸಿ ಕಳಿಸಿದ್ದಳು. ಸ್ಟೇಷನ್ನಿನಲ್ಲಿ ಬಾಯಾರು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, "ಖರೇನ ಬೀಗರ ಮನೀಗೆ ಹೊಂಟೀರಲ್ಲೋ" ಎಂದರು.

ದೊಡ್ಡ ಆಸ್ಪತ್ರೆ ಫೋಟೋದಲ್ಲಿದ್ದುದಕ್ಕಿಂತ ದೊಡ್ಡದಿತ್ತು. ಆಫೀಸಿನ ಹೆಣ್ಣುಮಗಳು ನಗುನಗುತ್ತ ಎಲ್ಲ ತೋರಿಸಿದಳು. ಕಲಿಯುವವರಿಗೆಂದೇ ಒಂದು ತಣ್ಣನೆಯ ಕೋಣೆ, ಅದರಲ್ಲಿ ಮಲಗಿಸಿದ ಮನುಷ್ಯಾಕಾರದ ಗೊಂಬೆಗಳು. ಎದೆ ಒತ್ತುವುದನ್ನು, ಉಸಿರಿನ ನಳಿಗೆ ಹಾಕುವುದನ್ನು ಮೊದಲು ಅವುಗಳ ಮೇಲೆ ಕಲಿಯುತ್ತಾರಂತೆ. ನಾನು ಬಾಯಿ ತೆರೆದು ನೋಡುತ್ತಿದ್ದೆ. ಬಾಯಾರು ಒಂದು ಗೊಂಬೆಯ ಎದೆಯ ಮೇಲೆ ಅಂಗೈ ಇಟ್ಟು ಸವರಿ ಹಿಂದಕ್ಕೆ ಬಂದರು. ನನ್ನ ಕಿವಿಯ ಹತ್ತಿರ, "ಮ್ಯಾಗಿನ ಪ್ಲಾಸ್ಟಿಕ್ ಸುದ್ದಾ ತಗದಿಲ್ಲ" ಎಂದರು.

"ಹೊಸಾವು ಇರಬೇಕ್ರಿ."

"ಧೂಳ ಹಳೇದೈತಿ."

ವಿಭಾಗದ ದೊಡ್ಡ ಡಾಕ್ಟರು ಸಜ್ಜನರು. ನಮ್ಮನ್ನು ಕೂಡಿಸಿ ಮಾತಾಡಿದರು. "ನಮ್ಮಲ್ಲಿ ಫಿಜಿಶಿಯನ್ ಅಸಿಸ್ಟಂಟರು ಟೀಮಿನ ಬೆನ್ನೆಲುಬು. ಎಲ್ಲವನ್ನೂ ಅವರೇ ನೋಡ್ಕೋತಾರೆ" ಎಂದರು. ನಾನು ಕಾಲ ಬಳಿ ಇಟ್ಟಿದ್ದ ಚೀಲಕ್ಕೆ ಕೈ ಹಾಕಿದೆ. ಬಾಯಾರ ಚಪ್ಪಲಿ ನನ್ನ ಕಾಲನ್ನು ಒತ್ತಿತು. ಚೀಲ ಅಲ್ಲಿಯೇ ಉಳಿಯಿತು. "ಈಗ ಕಲೀತಿರೋರು ಯಾರಾದ್ರೂ ಒಬ್ಬರ ಜೊತೆ ಮಾತಾಡಬಹುದಾ?" ಎಂದು ಬಾಯಾರು ಕೇಳಿದರು. ಅವರು ಸಂತೋಷದಿಂದ ಒಪ್ಪಿ, ಒಬ್ಬ ಹುಡುಗನನ್ನು ಕ್ಯಾಂಟೀನಿಗೆ ಕಳಿಸಿಕೊಟ್ಟರು.

ಎತ್ತರದ ಹುಡುಗ, ಬಿಳಿ ಕೋಟು. ನಮ್ಮ ಕಡೆಯ ಮಾತು ಕಿವಿಗೆ ಬಿದ್ದದ್ದೇ ಅವನ ಮುಖ ಅರಳಿತು. ನನಗೂ ಹಾಗೆಯೇ ಆಯಿತು. ದೂರದೂರಲ್ಲಿ ನಮ್ಮವನೊಬ್ಬ ಸಿಕ್ಕರೆ ಏನು ಕೇಳುತ್ತೇವೆ? ಅದನ್ನೇ ಕೇಳಿದೆ.

"ಯಾವೂರಪಾ ನಿಂದು?"

"ಸಿಂದಗಿ ಹಂತೇಕ ರಿ."

"ಅಪ್ಪ ಏನ್ ಮಾಡ್ತಾರ?"

"ಒಕ್ಕಲುತನ ರಿ. ತೊಗರಿ ಬೆಳೀತಾರ."

"ನೀರಾವರಿ ಐತಿಲ್ಲ? ಮೋಟಾರ ಯಾವ ಕಂಪನಿದು?"

"ಐತ್ರಿ. ಬೋರ್ ಐತ್ರಿ, ನೀರ ಭಾಳ ಐತ್ರಿ."

"ಅಣ್ಣತಮ್ಮರು?"

"ನಾ ಒಬ್ಬನ ರಿ. ಅಕ್ಕನ ಲಗ್ನಾ ಆಗೇತ್ರಿ."

ಹುಡುಗ ನೆಟ್ಟಗೆ ಕುಳಿತ. ಕೂದಲು ಸರಿಮಾಡಿಕೊಂಡ. ಶಿವಲೀಲಾಳ ಜಡೆಯ ಕಡೆ ಒಮ್ಮೆ ಕಣ್ಣು ಹಾಯಿಸಿ, ಅದನ್ನು ಮತ್ತೆ ಚಹಾದ ಕಪ್ಪಿನ ಕಡೆ ತಂದುಕೊಂಡ. ನಾನು ಕೆಲಸದ ಬಗ್ಗೆ ಕೇಳಿದೆ. ಅವನ ಬಾಯಿಗೆ ಬೀಗವೇ ಇರಲಿಲ್ಲ.

"ಎಮರ್ಜೆನ್ಸಿ ಅಂದ್ರ ನಾನ ರಿ. ಡಾಕ್ಟರು ಬರೂದು ಆಮ್ಯಾಲ. ಹೊಲಗಿ ಹಾಕಾಂವ ನಾನ, ಉಸಿರಿನ ನಳಿಗಿ ಹಾಕಾಂವ ನಾನ. ದೊಡ್ಡ ಸರ್ ಸುದ್ದಾ ನನ್ನ ಕೇಳೇ ಮುಂದಿಂದು ಮಾಡ್ತಾರ್ರಿ."

ನಾನು ಗೆದ್ದವನ ಹಾಗೆ ಬಾಯಾರ ಮುಖ ನೋಡಿದೆ. ಅವರು ಮೆತ್ತಗೆ, "ಕಡೀಕ ನಳಿಗಿ ಹಾಕಿದ್ದು ಯಾವಾಗ ತಮ್ಮಾ?" ಎಂದರು.

ಹುಡುಗ ಕೆಮ್ಮಿದ. ಫೋನು ಹೊರತೆಗೆದ. "ಅದಿರಲಿ ರಿ. ನಮ್ಮವ್ವಗ ಹಚ್ಚಿ ಕೊಡ್ಲೇನ್ರಿ? ಕುಂಡಲಿ ಅಕೀ ಹಂತೇಕನ ಐತಿ."

ಶಿವಲೀಲಾಗೆ ಚಹಾ ನೆತ್ತಿಗೇರಿತು. ನಗು ತಡೆಯಲು ದುಪಟ್ಟಾ ಬಾಯಿಗೆ ಒತ್ತಿಕೊಂಡಳು. ಬಾಯಾರು ಮಾತ್ರ ನಗಲಿಲ್ಲ.

"ತಮ್ಮಾ, ನಾವು ವರಾ ನೋಡಾಕ ಬಂದಿಲ್ಲ. ಈ ಹುಡಿಗಿ ನಿನ್ನಂಗ ಕಲಿಯಾಕ ಇಲ್ಲಿ ಬರಬೇಕಂತಾಳ. ನೀ ನಿಂತ ಜಾಗಾದಾಗ ನಿಲ್ಲಾಕಿ."

ಹುಡುಗನ ಮುಖದ ಬಣ್ಣ ಇಳಿಯಿತು. ಆಚೆ ಈಚೆ ನೋಡಿದ. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ.

"ಹಂಗಾದ್ರ ನಾ ಹೇಳಿದ್ದು ಬಿಟ್ಟುಬಿಡ್ರಿ."

"ಯಾವದು?"

"ಎಲ್ಲಾ ರಿ." ಧ್ವನಿ ಸಣ್ಣಗಾಯಿತು. "ಮುಂಜಾನಿಂದ ಸಂಜೀತನಕ ಕಂಪ್ಯೂಟರಿನ್ಯಾಗ ಡಿಸ್ಚಾರ್ಜ್ ಕಾಗದಾ ಬರೀತೇನ್ರಿ. ಸ್ಕ್ಯಾನಿಂಗ್ ರಿಪೋರ್ಟ್ ಯಾಕ ಬರಲಿಲ್ಲಂತ ಫೋನ್ ಹಚ್ತೇನಿ. ರೋಗಿ ಬಂದ್ರ ಕಲಿಯೋ ಡಾಕ್ಟರು ಸುತ್ತ ನಿಲ್ತಾರ. ಅವರ ಹಿಂದ ನಾ ನಿಲ್ತೇನಿ. ಎತ್ತರ ಅದೇನಿ ಅಂತ ಒಂದಿಷ್ಟು ಕಾಣಸ್ತೈತ್ರಿ. ಈ ಅಕ್ಕಾರು ಗಿಡ್ಡ ಅದಾರ, ಇವರಿಗೆ ಅಷ್ಟೂ ಕಾಣೂದಿಲ್ಲ."

"ಪಾಠ?"

"ವಾರಕ್ಕೊಮ್ಮೆ ಐತ್ರಿ. ಕುಂತಕೂಡ್ಲೇ ಫೋನ್ ಬರ್ತೈತಿ. ಎದ್ದು ಹೋಗೂದ."

"ಮತ್ತ ಅಷ್ಟ ಸುಳ್ಳ ಯಾಕ ಹೇಳಿದಿ?"

ಅವನು ನನ್ನ ಕಡೆ ಕೈ ತೋರಿಸಿದ. "ಇವರು ಕೇಳಿದ್ದು ಹ್ಯಾಂಗಿತ್ರಿ? ಕನ್ಯಾ ಕೊಡಾಕ ಬಂದವ್ರ ಮುಂದ ಖರೆ ಯಾರ ಹೇಳ್ತಾರ್ರಿ?"

ಈಗ ಬಾಯಾರು ನಕ್ಕರು. ಗಟ್ಟಿಯಾಗಿ, ಕ್ಯಾಂಟೀನಿನವರು ತಿರುಗಿ ನೋಡುವ ಹಾಗೆ. ಲಿಂಬೆಯ ಚೀಲ ಬಿಚ್ಚಿ, ಅರ್ಧ ಹಣ್ಣನ್ನು ಅವನ ಬಿಳಿ ಕೋಟಿನ ಉಡಿಯಲ್ಲಿ ಸುರಿದರು. "ರೂಮಿನವರಿಗೆ ಶರಬತ್ ಮಾಡಿ ಕುಡಸು. ವರ್ಷ ಮುಗದ ಕೂಡ್ಲೇ ನನಗ ಫೋನ್ ಹಚ್ಚು. ಕೈಗೆ ಕೆಲಸ ಕಲಿಸೋ ಜಾಗಾ ಹುಡುಕೂಣು." ಹೊರಗೆ ಬಂದ ಮೇಲೆ ನನಗೆ ಹೇಳಿದರು: "ಆಫೀಸಿನ್ಯಾಗ ಕುಂತವ್ರೂ ಕೆಟ್ಟವರಲ್ಲೋ ಉಸ್ತಾದ. ಅವರೂ ನಮ್ಮನ್ನ ಬೀಗರಂತ ತಿಳದ ಮಾತಾಡಿದ್ರು, ಅಷ್ಟ."

ಆದರೂ ನನ್ನ ಮನಸ್ಸು ಆ ಗಾಜಿನ ಕಟ್ಟಡವನ್ನು ಬಿಟ್ಟು ಬರಲೊಲ್ಲದು. ರೈಲಿನಲ್ಲಿ ಮತ್ತೆ ಆ ಮಾತು ತೆಗೆದೆ. "ಹೆಸರ ದೊಡ್ಡದೈತ್ರಿ ಬಾಯಾರ. ನಾಳೆ ನೌಕರಿ ಕೇಳಾಕ ಹೋದ್ರ ಹೆಸರ ನೋಡ್ತಾರ."

"ನಿನ್ನ ಅಂಗಡಿಗೆ ಒಬ್ಬಾಂವ ಕೆಲಸಾ ಕೇಳಾಕ ಬಂದ. ದೊಡ್ಡ ಕಂಪನಿಯೊಳಗ ಇದ್ದೆ ಅಂದ. ನೀ ಏನ್ ಮಾಡ್ತಿ?"

"ಸುಟ್ಟ ಮೋಟಾರ ಮುಂದ ಇಡ್ತೇನ್ರಿ."

ಅವರು ಕಿಟಕಿಯ ಕಡೆ ತಿರುಗಿ ಕಣ್ಣು ಮುಚ್ಚಿಕೊಂಡರು. ಶಿವಲೀಲಾ ತುಟಿ ಕಚ್ಚಿ ನಗುತ್ತಿದ್ದಳು.

ಎರಡನೆಯ ಆಸ್ಪತ್ರೆಗೆ ಹೋದಾಗ ಬಾಯಾರು ನಮ್ಮನ್ನು ಆಫೀಸಿಗೆ ಕರೆದೊಯ್ಯಲೇ ಇಲ್ಲ. ತುರ್ತು ವಿಭಾಗದ ಹೊರಗೆ, ರೋಗಿಗಳ ಮನೆಯವರು ಕೂಡುವ ಬೆಂಚಿನಲ್ಲಿ ಕೂಡಿಸಿದರು. ಕೆಂಪು ಗಾರೆಯ ನೆಲ, ಅಲ್ಲಲ್ಲಿ ಸವೆದದ್ದು. ಬಾಗಿಲು ಅರ್ಧ ತೆರೆದೇ ಇರುತ್ತಿತ್ತು. ಕಸ ಹೊಡೆಯುವ ಅಮ್ಮನಿಗೆ ಶಿವಲೀಲಾ ಲಿಂಬೆಹಣ್ಣು ಕೊಟ್ಟಳು. ಆಕೆ ಪಕ್ಕದಲ್ಲಿ ಕುಳಿತು, ಯಾರು ಜಗಳಗಂಟ, ಯಾರು ಊಟ ಬಿಟ್ಟು ಓಡಿ ಬರುತ್ತಾರೆ ಎಲ್ಲ ಹೇಳಿದಳು. "ಕಲಿಯೋ ಹುಡ್ರನ್ನ ಬೈತಾರೇನವ್ವಾ?" ಎಂದು ಬಾಯಾರು ಕೇಳಿದ್ದಕ್ಕೆ, "ಬೈತಾರ್ರಿ. ಆದ್ರ ರೋಗಿ ಮುಂದ ಬೈಯಂಗಿಲ್ರಿ. ಕೈ ತೊಳಿಯೋ ನಳದ ಹಂತೇಕ ಕರಕೊಂಡು ಹೋಗಿ ಬೈತಾರ" ಎಂದಳು. ಬಾಯಾರು ಆ ಮಾತನ್ನು ಗಟ್ಟಿ ಹಿಡಿದುಕೊಂಡವರಂತೆ ತಲೆಯಾಡಿಸಿದರು.

ಮಧ್ಯಾಹ್ನ ಒಂದು ಟ್ರ್ಯಾಕ್ಟರು ಬಂದು ನಿಂತಿತು. ಹೊಲಕ್ಕೆ ಹೊಡೆಯುವ ಔಷಧ ಮೈಗೆ ಚೆಲ್ಲಿಕೊಂಡು ಬಿದ್ದ ಒಬ್ಬ ಮನುಷ್ಯನನ್ನು ಇಳಿಸಿದರು. ಬಾಯಲ್ಲಿ ನೊರೆ. ಎಲ್ಲರಿಗಿಂತ ಮೊದಲು ಓಡಿ ಬಂದವಳು ಒಬ್ಬ ಸಣ್ಣ ಹುಡುಗಿ. ಫಿಜಿಶಿಯನ್ ಅಸಿಸ್ಟಂಟ್ ಎಂದು ಕೋಟಿನ ಮೇಲೆ ಬರೆದಿತ್ತು. ಅವಳ ಹಿಂದೆ ನರೆತ ಗಡ್ಡದ ಡಾಕ್ಟರು ಬಂದರು. ಬಂದವರು ಅವಳ ಹೆಗಲ ಹಿಂದೆ ನಿಂತರು. ನಾನು ನೋಡಿದೆ. ಎರಡೂ ಕೈ ಬೆನ್ನ ಹಿಂದೆ ಇದ್ದವು.

"ಮೊದಲೇನು?" ಎಂದರು ಅವರು.

ಹುಡುಗಿ ಕೈಗವಸು ಹಾಕಿಕೊಳ್ಳುತ್ತಲೇ ಹೇಳಿದಳು, ಮಾಡಿದಳು. ಬಟ್ಟೆ ಕತ್ತರಿಸಿ ತೆಗೆಸಿದಳು, ಮೈ ತೊಳೆಸಿದಳು, ಬಾಯಿಯ ನೊರೆ ಎಳೆದು ತೆಗೆದಳು, ಸೂಜಿ ಹಾಕಿದಳು. "ಮುಂದೇನು?" ಎನ್ನುತ್ತಿದ್ದರು ಡಾಕ್ಟರು. ಉಸಿರಿನ ನಳಿಗೆ ಹಾಕುವ ಹೊತ್ತಿಗೆ ಅವಳ ಕೈ ನಡುಗಿತು. ಒಮ್ಮೆ ಹಾಕಿ ನೋಡಿದಳು, ಆಗಲಿಲ್ಲ. ಆ ಕ್ಷಣ ಡಾಕ್ಟರರ ಕೈ ಹಿಂದಿನಿಂದ ಮುಂದೆ ಬಂತು. ಬೈಗುಳವಿಲ್ಲ, ಅವಸರವಿಲ್ಲ. ಅವಳ ಕೈಯಿಂದ ತೆಗೆದುಕೊಂಡು ಕೆಲಸ ಮುಗಿಸಿದರು. ಅವಳನ್ನು ಪಕ್ಕದಿಂದ ಸರಿಸಲಿಲ್ಲ. ಎಲ್ಲಿ ನೋಡಬೇಕೆಂದು ಕಣ್ಣಿನಿಂದಲೇ ತೋರಿಸಿದರು. ರೋಗಿ ಸುಧಾರಿಸಿಕೊಂಡ ಮೇಲೆ ಇಬ್ಬರೂ ನಳದ ಹತ್ತಿರ ನಿಂತು ಬಹಳ ಹೊತ್ತು ಮಾತಾಡಿದರು. ಹುಡುಗಿ ಒಮ್ಮೆ ಕಣ್ಣೊರೆಸಿಕೊಂಡಳು. ಆಮೇಲೆ ತನ್ನ ಕೈಯನ್ನು ಗಾಳಿಯಲ್ಲಿ ತಿರುಗಿಸಿ ಏನನ್ನೋ ಕೇಳಿದಳು. ಡಾಕ್ಟರು ಅವಳ ಮಣಿಕಟ್ಟು ಸರಿಮಾಡಿ ತೋರಿಸಿದರು.

ಬಾಯಾರು ನನ್ನ ಮಗ್ಗುಲಿಗೆ ಬಂದು ಹೇಳಿದರು, "ನೋಡಿದ್ಯಾ? ಕೈ ಹಿಂದ ಇರಬೇಕು. ಆದ್ರ ಹಿಂದ ಇದ್ದ ಕೈ ನಿದ್ದಿ ಹೊಡೀಬಾರದು. ಹಿಂದ ಇರಲಿಲ್ಲಂದ್ರ ಹುಡಿಗಿ ಕಲಿಯಂಗಿಲ್ಲ. ಹೊತ್ತಿಗೆ ಮುಂದ ಬರಲಿಲ್ಲಂದ್ರ ರೋಗಿ ಉಳಿಯಂಗಿಲ್ಲ."

ನಾನು ಕೇಳುವ ಮೊದಲೇ ಶಿವಲೀಲಾ ಎದ್ದು ನಿಂತಿದ್ದಳು. "ಅಪ್ಪಾ, ಆಕಿ ಕೈ ನಡಗಿತ್ತು. ಆದ್ರೂ ಆಕಿನ್ನ ಹೊರಗ ಕಳಸಲಿಲ್ಲ. ನಾ ಇಲ್ಲೇ ಬರ್ತೇನಿ."

ಆಮೇಲೆ ಬಾಯಾರು ಒಳಗೆ ಹೋಗಿ ಕೇಳಬೇಕಾದದ್ದನ್ನೆಲ್ಲ ಕೇಳಿದರು. ಮಕ್ಕಳ ವಿಭಾಗ, ಎಲುಬಿನ ವಿಭಾಗ, ಅರಿವಳಿಕೆಯವರ ಜೊತೆ ಆಪರೇಷನ್ ಕೋಣೆ, ಎಲ್ಲೆಲ್ಲಿ ಎಷ್ಟು ದಿನ ನಿಲ್ಲಿಸುತ್ತೀರಿ? ಪಾಠದ ಹೊತ್ತಿನಲ್ಲಿ ಇವರ ಫೋನು ಯಾರು ಎತ್ತುತ್ತಾರೆ? ಇಲ್ಲಿ ಕಲಿತು ಹೋದವರು ಈಗ ಎಲ್ಲಿದ್ದಾರೆ, ಅವರ ಜೊತೆ ಮಾತಾಡಬಹುದೇ? ನಿದ್ದೆಗೆ ಬಿಡುತ್ತೀರಾ? ಆ ಗಡ್ಡದ ಡಾಕ್ಟರು ಎಲ್ಲಕ್ಕೂ ಹೌದೆನ್ನಲಿಲ್ಲ. ಮಕ್ಕಳ ವಿಭಾಗ ನಮ್ಮಲ್ಲಿ ಸಣ್ಣದು, ಅದೊಂದು ಕೊರತೆ ಎಂದು ಅವರೇ ಹೇಳಿದರು. ಬಾಯಾರಿಗೆ ಅದೇ ಹೆಚ್ಚು ಹಿಡಿಸಿತು.

ಬಸ್ಸಿನಲ್ಲಿ ನಾನು ತಡೆಯಲಾರದೆ ಕೇಳಿದೆ, "ಹಂಗಾದ್ರ ಮನಿ ಛಲೋ ಐತಿ ಅಂತೀರೇನ್ರಿ ಬಾಯಾರ?"

"ಕೊಡಬಹುದು ಅಂತೇನಿ. ಛಲೋ ಐತೋ ಇಲ್ಲೋ ಈಗ ಹ್ಯಾಂಗ ಹೇಳೂದು? ಇಲ್ಲಿ ಕಲತಾಕಿ ಮುಂದ ಇನ್ನೊಬ್ರಿಗೆ ಹ್ಯಾಂಗ ಕಲಸ್ತಾಳ, ಅದನ್ನ ನೋಡಿ ಹೇಳಬೇಕು."

ವರ್ಷ ಹಗುರಾಗಿ ಹೋಗಲಿಲ್ಲ. ಮೊದಮೊದಲು ಶಿವಲೀಲಾ ಮಾತಿನ ನಡುವೆಯೇ ಫೋನು ಇಟ್ಟು ಓಡುತ್ತಿದ್ದಳು. ಒಂದು ದಿನ ಒಬ್ಬ ಮುದುಕ ಅವಳ ಕೈಯಲ್ಲೇ ಹೋಗಿಬಿಟ್ಟನಂತೆ. ಬಿಟ್ಟು ಬರುತ್ತೇನೆಂದು ಅತ್ತಳು. ನಮ್ಮಾಕಿ ಬಾ ಎಂದೇಬಿಟ್ಟಳು. ನಾನು ಫೋನು ಹಿಡಿದುಕೊಂಡು ಬಾಯಾರ ಪಡಸಾಲೆಗೆ ಓಡಿದೆ. ಅವರು ಕಿವಿಗೆ ಹಚ್ಚಿಕೊಂಡು ಅಷ್ಟೂ ಕೇಳಿದರು. "ಅಳು ತಂಗಿ. ಪೂರಾ ಅಳು, ಅರ್ಧಾ ಇಟಗೋಬ್ಯಾಡ. ಅತ್ತು ಮಾರಿ ತೊಳಕೊಂಡು ಆ ಡಾಕ್ಟರ್ ಕಡೆ ಹೋಗು, ಎಲ್ಲಿ ತಡಾ ಆತು ಅಂತ ಕೇಳು. ಎಲ್ಲೂ ತಡಾ ಆಗಿಲ್ಲಂದ್ರ ಅದನ್ನೂ ಕೇಳಿಸ್ಕೋ" ಎಂದರು. ಅವಳು ಹೋಗಿ ಕೇಳಿದಳು. ಉಳಿದಳು. ಹಾಗೆಯೇ ಆ ಸಿಂದಗಿ ಕಡೆಯ ಎತ್ತರದ ಹುಡುಗನೂ ವರ್ಷ ಮುಗಿದ ಮೇಲೆ ಬಾಯಾರಿಗೆ ಫೋನು ಹಚ್ಚಿದ್ದನಂತೆ. ಅದೇ ಹಳೆಯ ಆಸ್ಪತ್ರೆಗೆ, ಶಿವಲೀಲಾಳ ನಂತರ ಬಂದ ತಂಡಕ್ಕೆ ಸೇರಿದ. ಅವಳು ಅವನಿಗೆ ಹಿರಿಯಳಾದಳು. ಕುಂಡಲಿಯ ಮಾತು ಯಾರೂ ತೆಗೆಯಲಿಲ್ಲ.

ತರಬೇತಿ ಮುಗಿಸಿ ಬಂದ ಮಗಳು ಬಾಗೇವಾಡಿಯ ಒಂದು ಖಾಸಗಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನಿಂತಳು. ಊರವರು ಈಗ ಡಾಕ್ಟರೋ ನರ್ಸೋ ಎಂದು ಕೇಳುವುದಿಲ್ಲ. "ಲೀಲಕ್ಕ ಅದಾಳೇನು ನೋಡ್ರಿ" ಎನ್ನುತ್ತಾರೆ. ಬಾಯಾರು ಮಾತ್ರ ಅಲ್ಲಿಗೆ ಒಮ್ಮೆಯೂ ಕಾಲಿಡಲಿಲ್ಲ. ಕರೆದರೆ, "ನೋಡಾಕ ಬಂದೇನಿ ಅಂತ ಗೊತ್ತಾದ್ರ ಎಲ್ಲಾರೂ ಬೀಗರ ಮುಂದ ನಿಂತಂಗ ನಿಲ್ತಾರ" ಎನ್ನುತ್ತಿದ್ದರು.

ಕಡೆಗೂ ಹೋದರು, ನನ್ನ ಗಾಡಿಯಲ್ಲಿ. ಒಂದು ಮುಂಜಾನೆ ಅವರ ಮನೆಯ ಸ್ವಿಚ್ಚು ನೋಡಲು ಹೋಗಿದ್ದೆ. ಪಡಸಾಲೆಯ ಬೆಂಚಿನಲ್ಲಿ ರೋಗಿಗಳು ಕೂಡುವ ಜಾಗದಲ್ಲಿ ಅವರೇ ಕುಳಿತಿದ್ದರು. ಹಣೆಯಲ್ಲಿ ಬೆವರು, ಎಡಗೈ ಎದೆಯ ಮೇಲೆ. "ಉಸ್ತಾದ, ಗಾಡಿ ಹಚ್ಚು. ಒದರಬ್ಯಾಡ" ಎಂದರು. ಸಾಮಾನು ಹೊರುವ ಆ ಸಣ್ಣ ಗಾಡಿಯ ಮುಂದಿನ ಸೀಟಿನಲ್ಲಿ ಅವರನ್ನು ಕೂಡಿಸಿಕೊಂಡು ಹಾರನ್ನು ಒತ್ತಿದ ಬೆರಳು ತೆಗೆಯದೆ ಓಡಿಸಿದೆ.

ಶಿವಲೀಲಾ ಬಾಗಿಲಲ್ಲೇ ಎದುರಾದಳು. ಅವಳ ಮುಖ ಒಂದು ಕ್ಷಣ ಕದಡಿತು, ಆಮೇಲೆ ಗಟ್ಟಿಯಾಯಿತು. ಡಾಕ್ಟರನ್ನು ಕೂಗಿದಳು, ಮಂಚಕ್ಕೆ ಮಲಗಿಸಿದಳು, ಎದೆಗೆ ತಂತಿ ಹಚ್ಚಿ ಇಸಿಜಿ ತೆಗೆಸಿದಳು. ಡಾಕ್ಟರು ಆ ಹಾಳೆ ಹಿಡಿದು ಓದುತ್ತಿದ್ದರು. ಸೂಜಿ ಹಾಕುವ ಹೊತ್ತು ಬಂತು. ಅಲ್ಲಿ ನಾಲತವಾಡದ ಹುಡುಗಿಯೊಬ್ಬಳು ಕಲಿಯಲು ಬಂದಿದ್ದಳು, ಶಿವಲೀಲಾಳ ಹಾಗೆಯೇ ಫಿಜಿಶಿಯನ್ ಅಸಿಸ್ಟಂಟ್. ಶಿವಲೀಲಾ ಅವಳಿಗೆ, "ನೀ ಹಾಕು" ಎಂದಳು.

ನನಗೆ ತಡೆಯಲಾಗಲಿಲ್ಲ. "ಏ ಲೀಲಾ! ಬಾಯಾರ ಅದಾರ ಅವರು! ನೀನ ಹಾಕು!"

"ಅಪ್ಪಾ, ಬಾಗಲಾಚೆ ನಿಂದ್ರು." ಅವಳು ತಿರುಗಿಯೂ ನೋಡಲಿಲ್ಲ.

ಬಾಗಿಲ ಆಚೆ ನಿಂತೆ. ಬಾಗಿಲು ಅರ್ಧ ತೆರೆದೇ ಇತ್ತು. ಮುಪ್ಪಿನ ಕೈ, ದಾರದಂಥ ನರ. ಹುಡುಗಿ ಒಮ್ಮೆ ಚುಚ್ಚಿದಳು, ಸಿಗಲಿಲ್ಲ. ಅವಳ ಕಣ್ಣು ತುಂಬಿತು. ಶಿವಲೀಲಾ ಅವಳ ಹೆಗಲ ಹಿಂದೆ ಒತ್ತಿಕೊಂಡು ನಿಂತು, "ಸ್ವಲ್ಪ ಮ್ಯಾಲ ಮುಟ್ಟಿ ನೋಡು. ಸಿಕ್ತಿಲ್ಲ? ಈಗ" ಎಂದಳು. ಅವಳ ಎರಡೂ ಕೈ ಬೆನ್ನ ಹಿಂದೆ ಇದ್ದವು. ನನ್ನ ಕಡೆಗೇ ಇದ್ದವು. ಮಣಿಕಟ್ಟನ್ನು ಹಿಡಿದಿದ್ದ ಬೆರಳುಗಳು ಸಡಿಲಾಗಿ ಬಿಚ್ಚಿಕೊಂಡದ್ದನ್ನು, ಮುಂದೆ ಬರಲು ತಯಾರಾದದ್ದನ್ನು ನಾನು ಕಂಡೆ. ಬರಬೇಕಾಗಲಿಲ್ಲ. ನಾಲತವಾಡದ ಹುಡುಗಿಯ ಸೂಜಿಯಲ್ಲಿ ರಕ್ತ ಕಂಡಿತು, ನಳಿಗೆ ಕೂತಿತು, ಔಷಧ ಇಳಿಯತೊಡಗಿತು. ಡಾಕ್ಟರು ವಿಜಯಪುರಕ್ಕೆ ಕರೆದೊಯ್ಯಲು ಆಂಬುಲೆನ್ಸ್ ಹೇಳಿಬಿಟ್ಟಿದ್ದರು.

ಆ ಸಲ ಬಾಯಾರು ಉಳಿದು ಮನೆಗೆ ಬಂದರು. ಮತ್ತೆ ಒಂದು ಮಳೆಗಾಲ ನಮ್ಮನ್ನೆಲ್ಲ ಬೈದುಕೊಂಡೇ ಇದ್ದರು. ತೀರಿಕೊಂಡದ್ದು ಆಮೇಲೆ, ಮನೆಯಲ್ಲಿ, ನಿದ್ದೆಯಲ್ಲಿ. ಆದರೆ ನನಗೆ ಅವರೆಂದರೆ ಆ ಮುಂಜಾನೆಯೇ. ಆಂಬುಲೆನ್ಸಿಗೆ ಎತ್ತುವಾಗ ನಾನು ಮಂಚದ ಪಕ್ಕ ಓಡಿದೆ. ಏನೋ ಹೇಳಲು ಬೆರಳು ಆಡಿಸಿದರು. ಬಾಗಿ ಕಿವಿ ಕೊಟ್ಟೆ. ಅವರ ಕಣ್ಣು ನನ್ನ ಮೇಲೆ ಇರಲಿಲ್ಲ. ಆ ಹುಡುಗಿಯ ಹಿಂದೆ ನಿಂತ ನನ್ನ ಮಗಳ ಕೈಗಳ ಮೇಲಿತ್ತು.

"ಉಸ್ತಾದ," ಎಂದರು, "ಮನಿ ಛಲೋ ಐತಿ."